ಅಯ್ನೋರು ಬಂದಾಗ ಹಚ್ಚುವ ಒಲೆ

ಷಡಕ್ಷರಿ ಒಬ್ಬ ಹೌದಪ್ಪ. ಇದನ್ನೇ ಮೆತ್ತಗೆ ಹೇಳುವ ಮಾತುಗಳು ಬೇರೆ ಇವೆ. ಸಾಧು, ಸಂಕೋಚದವನು, ಯಾರ ಮನಸ್ಸನ್ನೂ ನೋಯಿಸದವನು. ಅವೆಲ್ಲ ಅವನನ್ನು ಅರ್ಧ ದಿನ ಕಂಡವರ ಮಾತು. ನಾನು ಅವನನ್ನು ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ನನ್ನ ಕೈಕೆಳಗಿನ ಸಮೀಕ್ಷಕನಾಗಿ ಕಂಡವಳು. ಎದುರಿಗೆ ನಿಂತವರು ಏನು ಹೇಳಿದರೂ ಅವನು ಹೌದು ಎನ್ನುತ್ತಿದ್ದ. ಎದುರಿಗಿದ್ದವರು ಬದಲಾದರೆ ಅವನ ಅಭಿಪ್ರಾಯವೂ ಬದಲಾಗುತ್ತಿತ್ತು, ಮುಖ ಮಾತ್ರ ಬದಲಾಗುತ್ತಿರಲಿಲ್ಲ. ಕಚೇರಿಯಲ್ಲಿ ನಾನು ಸೆಕೆ ಎಂದರೆ ಹೌದು ಮೇಡಂ ಎಂದು ಫ್ಯಾನು ಹಾಕುವನು. ನಿರ್ದೇಶಕರು ಒಳಗೆ ಬಂದು ಥಂಡಿ ಎಂದರೆ ಹೌದು ಸಾರ್ ಎಂದು ಆರಿಸುವನು. ಇಬ್ಬರೂ ಅಲ್ಲೇ ಇದ್ದರೆ ಸ್ವಿಚ್ಚಿನ ಹತ್ತಿರ ಸುಮ್ಮನೆ ನಿಂತಿರುವನು.

ಅವನ ಊರು ಗುಬ್ಬಿ. ತಂದೆ ಚನ್ನವೀರಯ್ಯ ಅಯ್ಯನವರು, ಅಂದರೆ ಲಿಂಗಾಯತರ ಮನೆಗಳಿಗೆ ಪೂಜೆ ಪುನಸ್ಕಾರಕ್ಕೆ ಹೋಗುವ ಜಂಗಮರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಕಂತಿಭಿಕ್ಷೆಗೂ ಹೋಗುತ್ತಿದ್ದರು. ಮಗ ಹಿಂದೆ ಹೋಗುತ್ತಿದ್ದ. ಜೋಳಿಗೆಗೆ ರಾಗಿ ಹಿಟ್ಟು ಬಿದ್ದರೂ ಅಕ್ಕಿ ಬಿದ್ದರೂ, ಏನೂ ಬೀಳದೆ ಮುಂದಕ್ಕೆ ಹೋಗಿ ಎಂಬ ಮಾತು ಬಿದ್ದರೂ, ಒಳ್ಳೇದಾಗಲಿ ಎಂದೇ ಹೇಳಬೇಕು. ನೀಡುವ ಮನೆಯ ಬಾಗಿಲಲ್ಲಿ ವಾದ ಮಾಡಬಾರದು ಎಂಬುದು ಚನ್ನವೀರಯ್ಯನವರ ನಿಯಮ. ಮಗ ಇದನ್ನು ಚೆನ್ನಾಗಿ ಕಲಿತ. ಬೇರೆ ಯಾವುದನ್ನೂ ಅಷ್ಟು ಚೆನ್ನಾಗಿ ಕಲಿತಂತೆ ನನಗೆ ಕಾಣಲಿಲ್ಲ.

ಕ್ಯಾತ್ಸಂದ್ರದಲ್ಲಿ ಹಾಸ್ಟೆಲಿನಲ್ಲಿದ್ದು, ತುಮಕೂರಿನ ಕಾಲೇಜಿಗೆ ನಡೆದು ಬರುತ್ತಿದ್ದ. ನಾನು ಅಲ್ಲಿ ಸಮಾಜಶಾಸ್ತ್ರ ಹೇಳುತ್ತಿದ್ದೆ. ಒಬ್ಬ ಪಂಡಿತ ಹೀಗೆನ್ನುತ್ತಾನೆ, ಇನ್ನೊಬ್ಬ ಅದನ್ನು ಅಲ್ಲಗಳೆಯುತ್ತಾನೆ, ನಿನಗೆ ಯಾವುದು ಸರಿ ಕಾಣುತ್ತದೆ ಎಂದು ಕೇಳಿದರೆ, ಎದ್ದು ನಿಂತು, ಎರಡೂ ಸರಿಯೇ ಮೇಡಂ ಎನ್ನುತ್ತಿದ್ದ. ಎಪ್ಪತ್ತೊಂದರಲ್ಲಿ ಬಿ.ಎ. ಆಯಿತು. ದರ್ಜೆ ಹೇಳಿಕೊಳ್ಳುವಂಥದಲ್ಲ. ಅಲ್ಲಿಂದ ಮುಂದೆ ಅವನ ಬದುಕೆಲ್ಲ ತಾತ್ಕಾಲಿಕ ನೇಮಕದಲ್ಲೇ ಕಳೆಯಿತು. ದನಗಣತಿ, ಬಾವಿಗಣತಿ, ಕುಟುಂಬ ಯೋಜನೆಯ ಸಮೀಕ್ಷೆ. ಮುಗಿದ ಮೇಲೆ ಮನೆ. ಮತ್ತೆ ಯಾರಾದರೂ ಏನನ್ನಾದರೂ ಎಣಿಸಲು ಹೊರಟರೆ ಕೆಲಸ.

ತುರ್ತುಪರಿಸ್ಥಿತಿಯ ಕಾಲದಲ್ಲಿ ನಾನು ಹಳ್ಳಿಗಳಲ್ಲಿ ರೇಡಿಯೋ ಕೇಳುವವರ ಬಗ್ಗೆ ಒಂದು ಅಧ್ಯಯನ ಮಾಡಿದೆ. ಜನ ಏನು ಕೇಳುತ್ತಾರೆ, ಕೇಳಿದ್ದನ್ನು ಎಷ್ಟು ನಂಬುತ್ತಾರೆ ಎಂಬುದು ಪ್ರಶ್ನೆ. ಷಡಕ್ಷರಿಯನ್ನು ಕುಣಿಗಲ್ ಕಡೆಗೆ ಕಳಿಸಿದ್ದೆ. ಒಂದು ದಿನ ನಾನೂ ಜೊತೆಗೆ ಹೋದೆ. ಪಂಚಾಯಿತಿ ಕಟ್ಟೆಯ ಮೇಲೆ ಹೊನ್ನಯ್ಯ ಎಂಬ ಮುದುಕರು ಎಲೆಯಡಿಕೆ ಹಾಕುತ್ತ ಕೂತಿದ್ದರು.

"ರೇಡಿಯೋದಲ್ಲಿ ಹೇಳೋದು ನಿಜ ಅಂತ ನಂಬ್ತೀರಾ ಯಜಮಾನ್ರೇ?" ಎಂದು ಷಡಕ್ಷರಿ ಕೇಳಿದ.

"ನೀವೇನಂತೀರಿ ಸ್ವಾಮಿ?"

"ನಿಜ ಅಂತಾರೆ."

"ಹಂಗಾರೆ ನಿಜವೇ ಬುಡಿ. ಸುಳ್ಳಾಡಾಕೆ ಅದಕ್ಕೇನು ಹೆಂಡ್ರು ಮಕ್ಳು ಅವ್ರಾ?"

ಷಡಕ್ಷರಿ ಹೌದು ಎಂದು ಬರೆದುಕೊಂಡ. ಉತ್ತರವನ್ನು ನೀನೇ ಬಾಯಿಗೆ ಇಟ್ಟೆಯಲ್ಲ ಎಂದು ಬಸ್ಸಿಗೆ ಕಾಯುವಾಗ ಗದರಿಸಿದೆ. ಹೌದು ಮೇಡಂ ಎಂದ. ಆ ವರ್ಷ ದೇಶದಲ್ಲಿ ಯಾರೂ ಯಾವುದಕ್ಕೂ ಇಲ್ಲ ಎನ್ನುತ್ತಿರಲಿಲ್ಲವಾದ್ದರಿಂದ ಅವನೊಬ್ಬನನ್ನೇ ದೂರಿ ಪ್ರಯೋಜನವಿರಲಿಲ್ಲ. ಜನ ರೇಡಿಯೋವನ್ನು ಪೂರ್ತಿಯಾಗಿ ನಂಬುತ್ತಾರೆ ಎಂದು ವರದಿ ಆಯಿತು. ಅದು ಈಗಲೂ ಯಾವುದೋ ಬೀರುವಿನಲ್ಲಿರಬೇಕು.

ಎಂಬತ್ತಮೂರರ ಹೊತ್ತಿಗೆ ನಾನು ಕಾಲೇಜಿನಿಂದ ನಿವೃತ್ತಳಾಗಿದ್ದೆ. ಬಿ.ಎಚ್. ರಸ್ತೆಯಲ್ಲಿ ಒಂದು ಬಾಡಿಗೆ ಮನೆಯ ಮಹಡಿಯ ಮೇಲೆ ಗ್ರಾಮೀಣ ಇಂಧನ ಅಧ್ಯಯನ ಘಟಕ ಎಂಬ ಸಣ್ಣ ಸಂಸ್ಥೆ ಶುರುವಾಗಿತ್ತು. ಲಕ್ಷ್ಮೀನರಸಿಂಹಯ್ಯ ಎಂಬ ನಿವೃತ್ತ ಇಂಜಿನಿಯರು ಅದರ ನಿರ್ದೇಶಕರು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕರೆಂಟು ದಿನಕ್ಕೆ ಹಲವು ಸಲ ಹೋಗುತ್ತಿತ್ತು, ಗುಡ್ಡಗಳು ಬೋಳಾಗುತ್ತಿದ್ದವು. ದೇಶದ ಇಂಧನವೆಂದರೆ ಅಣೆಕಟ್ಟು, ಕಲ್ಲಿದ್ದಲು ಎಂದು ಮಾತಾಡುತ್ತಿದ್ದ ದೊಡ್ಡವರಿಗೆ ಹಳ್ಳಿಯ ಹೆಂಗಸು ಒಲೆಗೆ ಇಡುವ ಸೌದೆಯೂ ಇಂಧನವೇ ಎಂದು ಆಗ ತಾನೆ ಹೊಳೆದಿತ್ತು. ಘಟಕದವರು ಗುಬ್ಬಿ, ಕುಣಿಗಲ್ ಎರಡೂ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಹಳೆಯ ಒಲೆ ಒಡೆಸಿ ಹೊಗೆಯಿಲ್ಲದ ಮಣ್ಣಿನ ಒಲೆ ಹಾಕಿಸಿದರು. ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯ ಮೂಲಕ ಮಾಡಿನಿಂದಾಚೆ ಹೋಗುತ್ತದೆ. ಒಲೆಯಲ್ಲಿ ದೋಷವಿರಲಿಲ್ಲ. ವರ್ಷದ ಮೇಲೆ ಅವು ನಿತ್ಯ ಬಳಕೆಯಲ್ಲಿವೆಯೇ ಎಂದು ನೋಡುವುದು ನನ್ನ ಕೆಲಸ. ಬಳಕೆಯಲ್ಲಿದ್ದರೆ ಇಡೀ ತಾಲ್ಲೂಕಿಗೆ ವಿಸ್ತರಿಸಲು ಬೆಂಗಳೂರಿನ ಸಮಿತಿ ಅನುದಾನ ಕೊಡುವುದಿತ್ತು.

ನನಗೆ ಇಬ್ಬರು ಸಮೀಕ್ಷಕರು. ಕುಣಿಗಲ್ ಕಡೆಗೆ ಹುತ್ರಿದುರ್ಗದ ಚಿಕ್ಕಗಂಗಮ್ಮ, ಎಸ್ಸೆಸ್ಸೆಲ್ಸಿ ಆದ, ಬಾಯಿ ಜೋರಾದ ಹೆಂಗಸು. ಗುಬ್ಬಿ ಕಡೆಗೆ ಷಡಕ್ಷರಿ. ಮಳೆಗಾಲ ಹಿಡಿಯುವ ಹೊತ್ತಿಗೆ ಇಬ್ಬರೂ ಒಂದು ಸುತ್ತು ಮುಗಿಸಿದರು. ಗಂಗಮ್ಮನ ಊರುಗಳಲ್ಲಿ ಅರ್ಧಕ್ಕರ್ಧ ಒಲೆ ಪಾಳು ಬಿದ್ದಿದ್ದವು. ಷಡಕ್ಷರಿಯ ಊರುಗಳಲ್ಲಿ ಎಲ್ಲ ಮನೆಯಲ್ಲೂ ದಿನಾ ಉರಿಯುತ್ತಿದ್ದವು.

ಇಬ್ಬರನ್ನೂ ಕೂರಿಸಿಕೊಂಡು ಕೇಳಿದೆ. "ಒಲೆ ಒಂದೇ, ಹಾಕಿದ ಮೇಸ್ತ್ರಿನೂ ಒಬ್ಬನೇ. ಇಷ್ಟು ವ್ಯತ್ಯಾಸ ಯಾಕೆ?"

"ನಾನೇನ್ ಮಾಡ್ಲಿ ಮೇಡಂ," ಎಂದಳು ಗಂಗಮ್ಮ. "ನನ್ನ ಕಂಡ್ರೆ ಬಂದ್ಲು ನೋಡು ಒಲೆ ಗಂಗಿ, ಹೋಗವ್ವ ನಿನ್ನ ಒಲೆನೂ ನೀನೂ ಅಂತಾರೆ. ಇವ್ರನ್ನ ಕಂಡ್ರೆ ಕಾಲು ತೊಳೀತಾರೆ."

"ಹೌದು ಮೇಡಂ, ತೊಳೀತಾರೆ," ಎಂದ ಷಡಕ್ಷರಿ.

"ನಾನು ಕೇಳಿದ್ದು ಒಲೆ ವಿಷಯ, ಕಾಲಿನ ವಿಷಯ ಅಲ್ಲ."

"ಹೌದು ಮೇಡಂ."

ಗಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ನಗು ಬರಲಿಲ್ಲ. ಆ ವಯಸ್ಸಿನಲ್ಲಿ ಮತ್ತೆ ಹಳ್ಳಿ ಬಸ್ಸು ಹತ್ತಬೇಕಲ್ಲ ಎಂದು ಬೇಸರವಾಯಿತು.

ಒಂದು ಬೆಳಿಗ್ಗೆ, ಷಡಕ್ಷರಿಗೆ ತಿಳಿಸದೆ, ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಹಾಗಲವಾಡಿ ಕಡೆಯ ಹಳ್ಳಿಗೆ ಹೋದೆ. ಅವನು ಮೆಚ್ಚಿ ಬರೆದಿದ್ದ ಮನೆಗಳಲ್ಲಿ ಕರಿಬಸಮ್ಮನದು ಮೊದಲನೆಯದು. ಬೀದಿ ಬಾಗಿಲು ಹಾಕಿತ್ತು. ಸುತ್ತಿಕೊಂಡು ಹಿತ್ತಲ ಕಡೆಗೆ ಹೋದೆ. ಹಿಂದಿನ ಕೋಣೆಯ ಬಾಗಿಲಿನಿಂದ ಹೊಗೆ ಬರುತ್ತಿತ್ತು. ಒಳಗೆ ಮೂರು ಕಲ್ಲಿನ ಒಲೆಯ ಮುಂದೆ ಕರಿಬಸಮ್ಮ ಮುದ್ದೆ ಕಟ್ಟುತ್ತಿದ್ದಳು. ನಡುವಯಸ್ಸಿನ ಗಟ್ಟಿ ಹೆಂಗಸು. ಕಣ್ಣು ಕೆಂಪಗೆ, ಒದ್ದೆಯಾಗಿದ್ದವು. ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ.

ಕೊಬ್ಬರಿಯ ಸೀಮೆಯಲ್ಲಿ ಇದು ಯಾರಿಗೂ ಹೊಸ ವಿಷಯವಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಅಲ್ಲೇ ಹತ್ತಿರ ಹತ್ತಿರ ವರ್ಷ ಕೂತು, ಒಳಗಿನ ನೀರು ಇಂಗಿ, ಒಣಕೊಬ್ಬರಿಯ ಗಿಟುಕಾಗಬೇಕು. ಮಳೆಗಾಲದಲ್ಲಿ ಕೆಳಗಿನಿಂದ ಹೊಗೆ ಕಾವು ತಾಗದಿದ್ದರೆ ಕೊಳೆಯುತ್ತದೆ. ಯೋಜನೆಯ ಮೊದಲ ಸಭೆಯಲ್ಲೇ ನಾನು ಇದನ್ನು ಎತ್ತಿದ್ದೆ. ಕಾಯಿಗೆ ಮನೆಯವರು ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಾರೆ ಎಂದು ನಿರ್ದೇಶಕರು ಬರೆಸಿ ಮುಂದಕ್ಕೆ ಹೋದರು. ಬೇರೆ ವ್ಯವಸ್ಥೆ ಎಂದರೆ ಈ ಮೂರು ಕಲ್ಲು.

"ಕಣ್ಣು ಹೋಗುತ್ತೆ ಕಣಮ್ಮ," ಎಂದೆ.

"ಕಣ್ಣು ಹೋಗೋದು ನಿಧಾನಕ್ಕೆ ಅಮ್ಮಾರೇ. ಕಾಯಿ ಕೊಳೆಯೋದು ಒಂದು ಮಳೆಗೆ."

"ಹಾಗಾದರೆ ಆ ಹೊಸ ಒಲೆ ಹಚ್ಚೋದೇ ಇಲ್ವಾ?"

"ಹಚ್ದೇ ಏನು. ಬನ್ನಿ ತೋರಿಸ್ತೀನಿ."

ಅಡಿಗೆ ಮನೆಯಲ್ಲಿ ಹೊಸ ಒಲೆ ಕೆಮ್ಮಣ್ಣು ಬಳಿಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ರಂಗೋಲಿಯ ನಡುವೆ ಕೂತಿತ್ತು. ಅದರ ಬಾಯಲ್ಲಿ ಬೂದಿ ಇರಲಿಲ್ಲ. ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಿದ್ದರು.

"ಅಯ್ನೋರು ಬಂದಾಗ ಹಚ್ತೀವಿ," ಎಂದಳು ಕರಿಬಸಮ್ಮ.

"ಯಾವ ಅಯ್ನೋರು?"

"ನಿಮ್ಮ ಷಡಕ್ಷರಯ್ನೋರೇ. ಹಿಂದಲ ದಿನ ಹೇಳಿ ಕಳಿಸ್ತಾರೆ. ಅಯ್ನೋರಿಗೆ ಮುಸುರೆ ಒಲೆ ಮೇಲೆ ಬೇಯ್ಸಿ ಇಕ್ಕೋಕಾಯ್ತದಾ? ಇದು ಮಡಿ ಒಲೆ ಅಂತ ಮಡಗಿದೀವಿ. ಅವ್ರು ಬಂದು ಪ್ರಸಾದ ತಗೊಂಡು ಒಲೆ ಚೆನ್ನಾಗದೆ ಅಂತ ಬರ್ಕೊಂಡು ಹೋಯ್ತಾರೆ."

ಆ ಊರಿನಲ್ಲಿ ಇನ್ನೂ ಕೆಲವು ಮನೆಗೆ ಹಿತ್ತಲ ಕಡೆಯಿಂದಲೇ ಹೋದೆ. ಎಲ್ಲ ಕಡೆಯೂ ಇದೇ. ಮುಂದೆ ಅಯ್ನೋರ ಒಲೆ, ಹಿಂದೆ ಮನೆಯವರ ಒಲೆ. ಗಂಗಮ್ಮನಿಗೆ ಬಾಗಿಲಲ್ಲೇ ಬೈದು ನಿಜ ಹೇಳುತ್ತಿದ್ದರು. ಷಡಕ್ಷರಿಗೆ ಭಕ್ತಿಯಿಂದ ಸುಳ್ಳು ಬಡಿಸುತ್ತಿದ್ದರು. ಸಮೀಕ್ಷಾಶಾಸ್ತ್ರದ ಪುಸ್ತಕಗಳಲ್ಲಿ ಈ ದೋಷಕ್ಕೆ ಹೆಸರಿದೆ, ಆದರೆ ಸಮೀಕ್ಷಕನ ಪಾದ ತೊಳೆಯುವ ಸಂದರ್ಭವನ್ನು ಆ ಪುಸ್ತಕ ಬರೆದವರು ಯೋಚಿಸಿರಲಿಲ್ಲ.

ಹಿಂದಿರುಗುವಾಗ ಗುಬ್ಬಿಯಲ್ಲಿ ಇಳಿದು ಅವನ ಮನೆಗೆ ಹೋದೆ. ಹೆಂಡತಿ ಶಿವರುದ್ರಮ್ಮ ಕಾಫಿ ತಂದಿಟ್ಟಳು. ನಾನು ಒಳ್ಳೆಯ ಸುದ್ದಿ ಹೇಳಲು ಬಂದಿದ್ದೇನೆ ಎಂದುಕೊಂಡಿದ್ದಳೆಂದು ಕಾಣುತ್ತದೆ.

"ಈ ಸಲ ಪರ್ಮನೆಂಟ್ ಆಗೇ ಆಗ್ತದೆ ಅಂದವ್ರಂತೆ ಡೈರೆಕ್ಟ್ರು," ಎಂದಳು. "ಸರ್ಕಾರಿ ಕೆಲಸಕ್ಕೆ ಇವ್ರ ವಯಸ್ಸು ದಾಟೋಯ್ತು ಮೇಡಂ. ಇದೊಂದು ಬಿಟ್ರೆ ಮತ್ತೆ ಜೋಳಿಗೆನೇ."

ಅದು ಸುಳ್ಳಲ್ಲ. ಅನುದಾನ ಬಂದರೆ ತಾಲ್ಲೂಕಿಗೆ ಒಬ್ಬ ಖಾಯಂ ಮೇಲ್ವಿಚಾರಕ ಎಂದು ಪ್ರಸ್ತಾವನೆಯಲ್ಲಿ ಇತ್ತು. ಆ ಜಾಗ ಷಡಕ್ಷರಿಗೆ ಎಂದು ಲಕ್ಷ್ಮೀನರಸಿಂಹಯ್ಯನವರು ಬಾಯಿಬಿಟ್ಟೇ ಹೇಳಿದ್ದರು. ಒಲೆಗಳು ಬಳಕೆಯಲ್ಲಿಲ್ಲ ಎಂದಾದರೆ ಅನುದಾನವಿಲ್ಲ, ಜಾಗವೂ ಇಲ್ಲ.

ನಾನು ಅವನನ್ನೇ ಕೇಳಿದೆ. "ನೀನು ಹೋದಾಗ ಕರಿಬಸಮ್ಮನ ಮನೇಲಿ ಹೊಸ ಒಲೆ ಉರೀತಿತ್ತಾ?"

"ಹೌದು ಮೇಡಂ."

"ನೀನು ಬರ್ತೀಯ ಅಂತ ಹಚ್ಚಿದ್ದರಾ?"

"ಹೌದು ಮೇಡಂ."

"ಅದು ನಿನಗೆ ಗೊತ್ತಿತ್ತಾ?"

ಕಾಫಿ ಲೋಟ ಕೆಳಗಿಟ್ಟ. "ಹೌದು ಮೇಡಂ."

"ಮತ್ತೆ ದಿನಾ ಉಪಯೋಗಿಸ್ತಾರೆ ಅಂತ ಯಾಕೆ ಬರೆದೆ?"

"ಅವರು ಹಾಗೆ ಹೇಳಿದರು. ಅವರ ಮನೇಲಿ ಕೂತು ಊಟ ಮಾಡ್ತಾ, ನೀವು ಹೇಳೋದು ಸುಳ್ಳು ಅನ್ನೋದು ಹೆಂಗೆ ಮೇಡಂ?"

"ಊಟ ಮಾಡಬೇಡ."

"ಅಯ್ನೋರು ಊಟ ಬೇಡ ಅಂದ್ರೆ ಆ ಮನೇಲಿ ಏನೋ ಮೈಲಿಗೆ ಅದೆ ಅಂತ ಊರೆಲ್ಲ ಆಡ್ಕೊಳ್ತದೆ. ನಾಳೆ ಅವರ ಮಕ್ಕಳಿಗೆ ಹೆಣ್ಣು ಕೊಡೋರೂ ಕೇಳ್ತಾರೆ."

ಹೇಳದೆ ಕೇಳದೆ ಹೋಗು ಎಂದರೆ, ಅಯ್ಯನವರು ಹಾಗೆ ಹೋಗುವ ಪದ್ಧತಿಯಿಲ್ಲ. ಬೇರೆಯವರನ್ನು ಕಳಿಸೋಣವೆಂದರೆ ಘಟಕದಲ್ಲಿ ಗಂಗಮ್ಮನ ಹೊರತು ಬೇರೆ ಯಾರೂ ಇಲ್ಲ, ಅವಳಿಗೆ ಕುಣಿಗಲ್ ಕಡೆಯ ಕೆಲಸವೇ ಕೈತುಂಬ ಇತ್ತು. ನಾನು ಏಳುವಾಗ ಶಿವರುದ್ರಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಕುಂಕುಮದ ಬಟ್ಟಲು ಹಿಡಿದಿದ್ದಳು, ಆದರೆ ಮುಂದಕ್ಕೆ ಚಾಚಲು ಮರೆತಿದ್ದಳು.

ಮಾರನೆಯ ದಿನ ಕಚೇರಿಯಲ್ಲಿ, ಷಡಕ್ಷರಿಯ ಎದುರಿಗೇ, ಲಕ್ಷ್ಮೀನರಸಿಂಹಯ್ಯನವರಿಗೆ ಕಂಡದ್ದನ್ನು ಹೇಳಿದೆ. ಅವರು ಕೆಟ್ಟವರಲ್ಲ. ಜೀವನದಲ್ಲಿ ಕಟ್ಟಿದ್ದೆಲ್ಲ ಕಲ್ಲು ಸಿಮೆಂಟಿನದು, ಕಟ್ಟಿದ ಮೇಲೆ ಅದು ನಿಂತಿದೆಯೋ ಇಲ್ಲವೋ ಎಂದು ಮತ್ತೆ ಹೋಗಿ ಕೇಳುವ ಅಭ್ಯಾಸವಿರಲಿಲ್ಲ.

"ನಿಮ್ಮ ಟಿಪ್ಪಣಿನೂ ಜೊತೆಗೆ ಇಡೋಣ," ಎಂದರು. "ಆದರೆ ಸಮಿತಿಯವರೇ ಬರ್ತಿದಾರಲ್ಲ, ಕಣ್ಣಲ್ಲಿ ನೋಡ್ಕೊಳ್ಲಿ. ಷಡಕ್ಷರಿ, ಆ ಕರಿಬಸಮ್ಮನ ಮನೆಗೇ ಕರ್ಕೊಂಡು ಹೋಗಿ."

"ಹೌದು ಸಾರ್."

"ಹೇಳಿ ಕಳಿಸಿಬಿಡಿ, ಊಟನೂ ಅಲ್ಲೇ ಆಗ್ಲಿ. ನಿಮ್ಮ ಕೆಲಸದ್ದೂ ಅವತ್ತೇ ತೀರ್ಮಾನ ಆಗಿಬಿಡುತ್ತೆ."

"ಹೌದು ಸಾರ್."

ಗಂಗಮ್ಮ ಅಲ್ಲೇ ಫೈಲು ಕಟ್ಟುತ್ತಿದ್ದಳು. "ನಮ್ಮೂರ್ಗೂ ಕರ್ಕೊಂಡ್ ಬನ್ನಿ ಸಾರ್," ಎಂದಳು. "ಒಲೆ ಒಳಗೆ ಕೋಳಿ ಮೊಟ್ಟೆ ಇಟ್ಟವೆ, ಅದನ್ನೂ ನೋಡ್ಲಿ." ನಿರ್ದೇಶಕರು ಕೇಳಿಸದವರಂತೆ ಒಳಗೆ ಹೋದರು.

ಆಷಾಢದ ಜಿನುಗು ಮಳೆಯ ದಿನ ಸಮಿತಿಯವರಿಬ್ಬರು ಜೀಪಿನಲ್ಲಿ ಬಂದರು. ಒಬ್ಬರು ದಪ್ಪಗೆ, ಕುತ್ತಿಗೆಗೆ ಕ್ಯಾಮೆರಾ. ಇನ್ನೊಬ್ಬರು ತೆಳ್ಳಗೆ, ಕನ್ನಡಕ. ನಾನು, ನಿರ್ದೇಶಕರು, ಷಡಕ್ಷರಿ ಹಿಂದಿನ ಸೀಟಿನಲ್ಲಿ. ದಾರಿಯಲ್ಲಿ ನಾನು ಕನ್ನಡಕದವರಿಗೆ ಹಿಂದಿನ ಕೋಣೆಯ ಒಲೆಯ ವಿಷಯ ಹೇಳಿದೆ. ನೋಡೋಣ ಎಂದರು. ಷಡಕ್ಷರಿ ಕಿಟಕಿಯಾಚೆ ನೋಡುತ್ತಿದ್ದ.

ಕರಿಬಸಮ್ಮ ಬಾಗಿಲಿಗೆ ಬಿಂದಿಗೆ ನೀರು ತಂದು ಮೊದಲು ಷಡಕ್ಷರಿಯ ಪಾದ ತೊಳೆದಳು, ಆಮೇಲೆ ನಮಗೆ ಚೆಂಬು ಕೊಟ್ಟಳು. ಅಡಿಗೆ ಮನೆಯಲ್ಲಿ ಹೊಸ ಒಲೆ ಚೆನ್ನಾಗಿ ಉರಿಯುತ್ತಿತ್ತು. ಒಂದು ಕಡೆ ಅನ್ನ, ಒಂದು ಕಡೆ ಪಾಯಸ. ಹೊಗೆ ಎಳ್ಳಷ್ಟೂ ಇಲ್ಲ. ದಪ್ಪನೆಯವರು ಬಗ್ಗಿ ಬಗ್ಗಿ ಫೋಟೋ ತೆಗೆದರು.

"ದಿನಾ ಇದರಲ್ಲೇ ಅಡಿಗೆ ಮಾಡ್ತೀರೇನಮ್ಮ?"

"ಊ ಸ್ವಾಮಿ, ಇದ್ರಲ್ಲೇ," ಎಂದು ಹೇಳಿ ಕರಿಬಸಮ್ಮ ಷಡಕ್ಷರಿಯ ಕಡೆ ನೋಡಿದಳು.

ನಾನು ಹಿಂದಿನ ಕೋಣೆಯನ್ನು ತೋರಿಸಲು ಹೊರಟೆ. ಅವಳು ನನಗಿಂತ ಮೊದಲು ಹೋಗಿ ಆ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲಿಗೆ ಬೇಡಿ. ಬಾಣಂತಿ ಅವ್ಳೆ."

ಗಂಡಸರಿಬ್ಬರೂ ತಕ್ಷಣ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಕನ್ನಡಕದವರು ಮೂಗು ಅರಳಿಸಿ, "ಏನೋ ಹೊಗೆ ವಾಸನೆ ಬರ್ತಿದೆಯಲ್ಲ," ಎಂದರು.

"ಕೂಸಿಗೆ ಸಾಂಬ್ರಾಣಿ ಹಾಕವ್ರೆ ಸ್ವಾಮಿ."

ಸಾಂಬ್ರಾಣಿಗೂ ಹಸಿ ಸೌದೆಗೂ ವ್ಯತ್ಯಾಸ ತಿಳಿಯದ ಮೂಗುಗಳೇನಲ್ಲ, ಆದರೆ ಬಾಣಂತಿ ಕೋಣೆಯ ಮುಂದೆ ವಾದ ಮಾಡುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಆ ಮನೆಗೆ ಸೊಸೆ ಬಂದಿರಲಿಲ್ಲ, ಹೆಣ್ಣುಮಕ್ಕಳಿರಲಿಲ್ಲ. ನಾನು ಹಾಗೆಂದು ಹೇಳಲು ಬಾಯಿ ತೆರೆದಾಗ ಕರಿಬಸಮ್ಮ ನನ್ನ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು.

"ಸುಮ್ಕಿರಿ ಅಮ್ಮಾರೇ," ಎಂದು ಪಿಸುಗುಟ್ಟಿದಳು. "ಅಯ್ನೋರ ಅನ್ನಕ್ಕೆ ಮಣ್ಣು ಹಾಕ್ಬೇಡಿ. ಊರವ್ರೆಲ್ಲ ಮಾತಾಡ್ಕೊಂಡಿದೀವಿ. ಅವ್ರಪ್ಪ ಈ ಬೀದಿಗೆ ಜೋಳಿಗೆ ತರೋರು, ನಾವು ಹಿಡಿ ರಾಗಿ ಹಾಕೀವಿ. ಈಗ ಇದೊಂದು ಸುಳ್ಳು ಹಾಕ್ತೀವಿ. ನಿಮಗೇನು ಕಷ್ಟ?"

ನಿಮ್ಮ ತಾಲ್ಲೂಕಿಗೆಲ್ಲ ಯಾರೂ ಹಚ್ಚದ ಒಲೆ ಬರುತ್ತದಲ್ಲ ಎಂದೆ. "ಬರ್ಲಿ ಬುಡಿ, ಜಾಡಿ ಮಡಗ್ತೀವಿ," ಎಂದಳು.

ಅಷ್ಟರಲ್ಲಿ ಕನ್ನಡಕದವರು ಷಡಕ್ಷರಿಯನ್ನೇ ಕೇಳುತ್ತಿದ್ದರು. "ನೀವು ಮೇಲಿಂದ ಮೇಲೆ ಬರೋರು. ನಿಮ್ಮ ಕಣ್ಣಿಗೆ ಏನು ಕಂಡಿದೆ ಹೇಳಿ. ದಿನಾ ಉರಿಯುತ್ತೆ ತಾನೆ?"

ನಾನು ಅವನ ಮುಖ ನೋಡಿದೆ. ಅವನು ನಿರ್ದೇಶಕರ ಮುಖ ನೋಡಿದ. ಆಮೇಲೆ ಕರಿಬಸಮ್ಮನ ಮುಖ.

"ಹೌದು ಸಾರ್," ಎಂದ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕನ್ನಡಕದವರು ತೃಪ್ತಿಯಿಂದ ಪೆನ್ನಿನ ಮುಚ್ಚಳ ಹಾಕಿದರು. ನಿರ್ದೇಶಕರು ಷಡಕ್ಷರಿಯ ಭುಜ ತಟ್ಟಿದರು. ನಾನು ಕಂಬಕ್ಕೆ ಒರಗಿ ಕೂತೆ. ಕಾಲು ನೋಯುತ್ತಿತ್ತು. ಸುಳ್ಳಿನಲ್ಲಿ ಕೊನೆಯಾದ ಅಧ್ಯಯನ ಇದು ನನಗೆ ಮೊದಲನೆಯದಲ್ಲ, ಹಾಗಾಗಿ ಹೆಚ್ಚಿನ ಸಿಟ್ಟೂ ಬರಲಿಲ್ಲ.

ನಡುಮನೆಯಲ್ಲಿ ಚಾಪೆ ಹಾಸಿ ತಟ್ಟೆ ಇಟ್ಟರು. ಷಡಕ್ಷರಿ ಲಿಂಗಪೂಜೆ ಮುಗಿಸಿ ಬಂದು, ಎಲ್ಲರಿಗಿಂತ ಮುಂದೆ, ಅಯ್ಯನವರಿಗೆಂದು ಹಾಕಿದ್ದ ಮಣೆಯ ಮೇಲೆ ಕೂತ. ಕರಿಬಸಮ್ಮ ಪಾಯಸದ ಪಾತ್ರೆ ಹಿಡಿದು ಬಗ್ಗಿದಳು. ಅವನು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟ.

"ಮನೆಯವರಿಗೆ ಏನು ಮಾಡಿದೀರಿ ತಾಯಿ?"

"ನಮ್ದೇನು ಬುಡಿ ಅಯ್ನೋರೇ. ಮುದ್ದೆ, ಹುರುಳಿ ಸಾರು."

"ಅದನ್ನೇ ಇಕ್ಕಿ."

"ಅದಾ? ನಿಮಗಾ? ಅದು ಹೊಗೆ ವಾಸ್ನೆ ಹಿಡ್ದದೆ." ಹೇಳಿದ ಮೇಲೆ ಅವಳು ತುಟಿ ಕಚ್ಚಿಕೊಂಡಳು.

"ಪರವಾಗಿಲ್ಲ. ಬಿಸಿ ಆರೋಕೆ ಮುಂಚೆ ಇಕ್ಕಿ."

ಅವಳು ಪಾತ್ರೆ ಹಿಡಿದು ಹಾಗೇ ನಿಂತಳು. ಮುದ್ದೆ ತರಬೇಕೆಂದರೆ ಆ ಬಾಗಿಲು ತೆರೆಯಬೇಕು. ನಿರ್ದೇಶಕರು, "ಏನ್ರೀ ಷಡಕ್ಷರಿ, ಪಾಯಸ ಮಾಡಿದಾರಲ್ಲ, ತಗೊಳ್ರಿ," ಎಂದರು.

"ಹೌದು ಸಾರ್," ಎಂದ ಷಡಕ್ಷರಿ.

ಎಂದವನು ಖಾಲಿ ತಟ್ಟೆಯನ್ನು ಎತ್ತಿಕೊಂಡು ಎದ್ದ. ನಡುಮನೆ ದಾಟಿ ಹೋಗಿ ಹಿಂದಿನ ಕೋಣೆಯ ಬಾಗಿಲನ್ನು ಭುಜದಿಂದ ನೂಕಿದ. ಹೊಗೆ ಒಮ್ಮೆಗೇ ಹೊರಗೆ ಬಂತು. ಅಟ್ಟದ ಕೆಳಗೆ, ಮೂರು ಕಲ್ಲಿನ ಒಲೆಯ ಪಕ್ಕ, ನೆಲದ ಮೇಲೆ ಕೂತು ತಟ್ಟೆಯನ್ನು ಮುಂದಿಟ್ಟುಕೊಂಡ. ಕಣ್ಣು ಉಜ್ಜಿಕೊಂಡ. ದಪ್ಪನೆಯವರು ಕ್ಯಾಮೆರಾ ಕೈಯಲ್ಲಿ ಹಿಡಿದು ಬಾಗಿಲವರೆಗೆ ಹೋಗಿ, ತಲೆ ಬಗ್ಗಿಸಿ ಒಳಗೆ ನೋಡಿದರು. ಕನ್ನಡಕದವರೂ ಎದ್ದರು.

ಕರಿಬಸಮ್ಮ ಅವರನ್ನು ತಡೆಯಲು ಒಂದು ಹೆಜ್ಜೆ ಇಟ್ಟಳು. ಒಳಗೆ ಅಯ್ನೋರು ಖಾಲಿ ತಟ್ಟೆಯ ಮುಂದೆ ಕೂತಿದ್ದರು. ಅವಳು ಪಾಯಸದ ಪಾತ್ರೆಯನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಮುದ್ದೆ ಬಡಿಸಲು ಒಳಗೆ ಹೋದಳು.